ನೈವೇದ್ಯದ ಉಪ್ಪು

ನೈವೇದ್ಯದ ಅಡಿಗೆಯನ್ನು ನಿವೇದನೆಗೆ ಮುನ್ನ ರುಚಿ ನೋಡುವಂತಿಲ್ಲ. ಉಪ್ಪು ಕೈಯಳತೆಯ ಮೇಲೆಯೇ ನಿಲ್ಲತಕ್ಕದ್ದು. ನಮ್ಮ ತೀರ್ಥರೂಪರಿಗೆ ರಕ್ತದೊತ್ತಡ ಕಾಣಿಸಿ, ವೈದ್ಯರು ಉಪ್ಪನ್ನು ತಗ್ಗಿಸಬೇಕೆಂದಾಗ ಮನೆಯಲ್ಲಿ ಪ್ರಶ್ನೆಯೆದ್ದಿತು: ನಮ್ಮ ದೇಹಕ್ಕಾಗಿ ದೇವರ ಅಡಿಗೆಯ ರುಚಿಯನ್ನು ಕುಗ್ಗಿಸಬಹುದೇ? ಸ್ವಾಮಿಗೆ ಸಪ್ಪೆಯನ್ನು ಬಡಿಸಲಾರೆನೆಂದು ಮಾತೃಶ್ರೀಯವರು ಕಣ್ಣೀರಿಟ್ಟರು.

ಭಗವಂತನು ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನಗೊಳಿಸುವನೆಂದು ಗೀತೆಯ 15ನೆಯ ಅಧ್ಯಾಯವು ಸಾರುತ್ತದೆ. ಪೀಠದಲ್ಲಿರುವವನೂ ಜಠರದಲ್ಲಿರುವವನೂ ಒಬ್ಬನೇ. ಅವನಿಗೆ ಕೇಡಿಲ್ಲ ನಿಜ. ಆದರೆ ಅವನ ಗುಡಿಯನ್ನು ಕೆಡಿಸುವುದನ್ನು ಅವನಿಗೇ ಅರ್ಪಿಸುವುದು ಭಕ್ತಿಯೆನಿಸದು.

ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪಿರಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಮತ. ಈಗ ನಮ್ಮಲ್ಲಿ ಉಪ್ಪಿನಕಾಯಿ, ಹಪ್ಪಳಗಳು ಹಬ್ಬಕ್ಕೆ ಮಾತ್ರ. ನಿತ್ಯದ ಸಾರಿಗೆ ನಿಂಬೆ, ಜೀರಿಗೆ, ಕೊತ್ತಂಬರಿಗಳೇ ರುಚಿ. ಮಾತೃಶ್ರೀಯವರ ಕೈಯಳತೆಯೂ ಮೆಲ್ಲಗೆ ಪಳಗಿದೆ.

ಶ್ರೀಕೃಷ್ಣಾರ್ಪಣಮಸ್ತು.