ಹೆಸರು ಹೇಳಿಯೇ ಕೇಳಲಿ

ಲಂಚದ ಆರೋಪದಲ್ಲಿ ಅಮಾನತಾದ ನ್ಯಾಯಾಧೀಶರು ಆ ಅಮಾನತನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರೆ ನಮ್ಮ ಮರ್ಕಂಜದಲ್ಲಿ ನಗುತ್ತಾರೆ. "ಕಾನತ್ತೂರಿಗೆ ಹೋಗಿ ಆಣೆ ಹಾಕಲಿ ಭಾವ, ಗೊತ್ತಾಗ್ತದೆ" ಎನ್ನುತ್ತಾರೆ ಪಕ್ಕದ ತೋಟದವರು. ಗಡಿಯಾಚೆ, ಕಾಸರಗೋಡು ಜಿಲ್ಲೆಯ ಕಾನತ್ತೂರು ನಾಲ್ವರ್ ದೈವಗಳ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಎಷ್ಟೋ ಸಾಲದ ತಕರಾರು ಅಂಗಳದಲ್ಲೇ ಮುಗಿಯುತ್ತದೆ. ಕುಮ್ಕಿ ಜಾಗದ ವ್ಯಾಜ್ಯಕ್ಕೆಂದು ಕೋರ್ಟು ಹತ್ತಿ ಇಳಿದು ಸುಸ್ತಾದ ನನಗೂ ಆ ಮಾತು ಹಿತವೇ. ಆದರೆ ಒಪ್ಪಲಾರೆ.

ದೈವಕ್ಕೆ ಎಲ್ಲವೂ ಗೊತ್ತು ಎಂಬ ನಂಬಿಕೆ ಇರುವುದರಿಂದ ಅಲ್ಲಿ ಮೇಲ್ಮನವಿ ಇಲ್ಲ. ಮನುಷ್ಯರ ಕೋರ್ಟಿಗೆ ಎಲ್ಲವೂ ಗೊತ್ತಿರುವುದಿಲ್ಲ. ಅದಕ್ಕೇ ಅದು ಮತ್ತೊಮ್ಮೆ ಕೇಳಿಸಿಕೊಳ್ಳಬೇಕು, ಎದುರು ನಿಂತವನು ನ್ಯಾಯಾಧೀಶನೇ ಆಗಿದ್ದರೂ.

2012ರದ್ದು ನೆನಪಿರಬಹುದು. ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರಿಗೆ ಜಾಮೀನು ಕೊಡಲು ಹಣ ಪಡೆದ ಆರೋಪದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಧೀಶ ಟಿ. ಪಟ್ಟಾಭಿರಾಮ ರಾವ್ ಅವರನ್ನು ಆಂಧ್ರ ಹೈಕೋರ್ಟ್ ಅಮಾನತು ಮಾಡಿತು. ಅಮಾನತು ಶಿಕ್ಷೆಯಲ್ಲ ಎನ್ನುತ್ತದೆ ಕಾನೂನು. ಅಮಾನತಾದವರ ಮನೆಯವರನ್ನು ಕೇಳಿ ನೋಡಿ! ಸರ್ಕಾರಿ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, 2015ರಲ್ಲಿ, ಮೂರು ತಿಂಗಳೊಳಗೆ ದೋಷಾರೋಪ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಯಬಾರದೆಂದು ಸುಪ್ರೀಂ ಕೋರ್ಟೇ ಹೇಳಿತು. ಶಂಕೆಗೂ ಒಂದು ವಾಯಿದೆ ಬೇಕಲ್ಲ.

ನನ್ನನ್ನು ಹೆಚ್ಚು ಕಾಡುವುದು ಸಂವಿಧಾನದ 235ನೇ ವಿಧಿ. ಕೆಳಗಿನ ಕೋರ್ಟುಗಳ ನ್ಯಾಯಾಧೀಶರೆಲ್ಲ ಅದರಡಿ ಹೈಕೋರ್ಟಿನ ಹತೋಟಿಯಲ್ಲಿ. ಅಮಾನತು ಮಾಡುವುದು ಹೈಕೋರ್ಟಿನ ಆಡಳಿತ ವಿಭಾಗ. ಅದನ್ನು ಪ್ರಶ್ನಿಸಿದ ರಿಟ್ ಅರ್ಜಿ ಬರುವುದು ಅದೇ ಹೈಕೋರ್ಟಿನ ಪೀಠದ ಮುಂದೆ. ಬೆಳಿಗ್ಗೆ ಸಹಿ ಹಾಕಿದ ಮನೆಯೇ ಮಧ್ಯಾಹ್ನ ಆ ಸಹಿಯ ಮೇಲೆ ತೀರ್ಪು ಕೊಡಬೇಕು. ಇದು ಸಾಧ್ಯವೇ? ಕೋಲದಲ್ಲಿ ಅಣಿ ಕಟ್ಟಿದವನ ಬಾಯಿಂದ ಬಂದದ್ದು ದೈವದ ನುಡಿ, ಅಣಿ ಬಿಚ್ಚಿದ ಮೇಲೆ ಅವನು ನಮ್ಮ ಹಾಗೆ ಕೂಲಿಗೆ ಹೋಗುವವನು ಎಂದು ಒಪ್ಪಿಕೊಂಡ ನಾವು, ಒಂದೇ ಸಂಸ್ಥೆಗೆ ಎರಡು ಮುಖ ಇರಬಹುದೆಂದು ನಂಬಬಲ್ಲೆವು. ಆದರೆ ಕೋಲ ನಡೆಯುವುದು ಊರೆಲ್ಲ ಸೇರಿದ ಗದ್ದೆಯಲ್ಲಿ, ದೀಟಿಗೆಯ ಬೆಳಕಿನಲ್ಲಿ. ಹೈಕೋರ್ಟಿನ ಆಡಳಿತ ಕಡತ ಯಾವ ಬೆಳಕಿನಲ್ಲಿ ತೆರೆಯುತ್ತದೆ?

ಹೈಕೋರ್ಟ್ ನ್ಯಾಯಮೂರ್ತಿಗಳದ್ದು ಬೇರೆ ದಾರಿ. ಅವರನ್ನು ಅಮಾನತು ಮಾಡುವಂತಿಲ್ಲ, ಕೆಲಸ ಕೊಡದೆ ಕೂರಿಸಬಹುದಷ್ಟೆ. ತೆಗೆಯಬೇಕಾದರೆ ಸಂಸತ್ತಿನ ನಿರ್ಣಯ ಬೇಕು. 2025ರ ಮಾರ್ಚ್ 14ರಂದು ದೆಹಲಿಯಲ್ಲಿ ನ್ಯಾಯಮೂರ್ತಿ ಯಶವಂತ ವರ್ಮಾ ಅವರ ನಿವಾಸದ ಉಗ್ರಾಣಕ್ಕೆ ಬೆಂಕಿ ಬಿದ್ದು ಸುಟ್ಟ ನೋಟು ಸಿಕ್ಕಿತೆಂಬ ಸುದ್ದಿ ಬಂತು. ಆ ಹಣ ತಮ್ಮದಲ್ಲ ಎಂದರು ಅವರು. ತಮ್ಮ ಮೇಲೆ ನಡೆದ ನ್ಯಾಯಾಂಗದ ಆಂತರಿಕ ತನಿಖೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿಯಲ್ಲಿ ಹೆಸರಿನ ಜಾಗದಲ್ಲಿ ಇದ್ದದ್ದು 'ಎಕ್ಸ್ ಎಕ್ಸ್ ಎಕ್ಸ್'. ಆಗಸ್ಟ್ 7ರಂದು ಅರ್ಜಿ ವಜಾ ಆಯಿತು. ಐದು ದಿನದಲ್ಲಿ ಲೋಕಸಭಾಧ್ಯಕ್ಷರು, ಅವರನ್ನು ತೆಗೆಯಬೇಕೆಂಬ ನಿರ್ಣಯದ ವಿಚಾರಣೆಗೆ ಮೂವರ ಸಮಿತಿ ನೇಮಿಸಿದರು. ಅದರಲ್ಲೊಬ್ಬರು ನಮ್ಮ ಕರಾವಳಿಯ ಹಿರಿಯ ವಕೀಲ ಬಿ.ವಿ. ಆಚಾರ್ಯ.

ವರ್ಮಾ ತಪ್ಪಿತಸ್ಥರೋ ಅಲ್ಲವೋ ಎಂಬುದು ನನ್ನ ಮಾತಲ್ಲ. ಆ ಮೂರು ಎಕ್ಸ್ ಮಾತ್ರ ನನಗೆ ಸಹಿಸಲಾಗಲಿಲ್ಲ. ನನ್ನ ದಾವೆಯ ಕಾಗದದಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಪ್ರಾಯ, ಮನೆ, ಗ್ರಾಮ ಎಲ್ಲ ಇತ್ತು. ಆಣೆ ಹಾಕುವವನು ದೈವದ ಎದುರು ಮುಖ ಮುಚ್ಚಿ ನಿಲ್ಲುತ್ತಾನೆಯೇ?

ಅಮಾನತಾದ ನ್ಯಾಯಾಧೀಶರ ಅರ್ಜಿಯನ್ನು ಕೇಳಲೇಬೇಕು, ನಗುವವರು ನಗಲಿ. ಆದರೆ ತೆರೆದ ಕೋರ್ಟಿನಲ್ಲಿ, ವರ್ಷಗಟ್ಟಲೆ ಎಳೆಯದೆ, ಅವರ ಪೂರ್ತಿ ಹೆಸರು ಕೂಗಿ ಕರೆದು ಕೇಳಬೇಕು.