ಅವರ ಹೆಸರಿನಲ್ಲಿ ನಾನು ಬರೆದ ‘ಬೇಕು’

ಖಂಡೇನವಮಿಯ ದಿನ ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತವೆ. ವರ್ಷದ ಉಳಿದ ದಿನಗಳಲ್ಲಿ ಬೆಳಗಾವಿಯ ಖಾಸಬಾಗದಲ್ಲಿ, ಅತ್ತ ವಡಗಾವಿ, ಶಹಾಪುರದ ಕಡೆಯೂ, ಕರೆಂಟ್ ಇದ್ದಷ್ಟು ಹೊತ್ತು ಪವರ್‌ಲೂಮ್‌ಗಳ ಖಟಖಟದ ಮೇಲೆ ದನಿ ಏರಿಸಿಯೇ ಮಾತಾಡಬೇಕು. ಆ ಅಭ್ಯಾಸ ನನ್ನ ಜೊತೆ ಬೆಂಗಳೂರಿಗೂ ಬಂದಿದೆ. ಮೀಟಿಂಗಿನಲ್ಲಿ ‘ಸ್ವಲ್ಪ ಮೆಲ್ಲಗೆ’ ಅಂತ ನನಗೆ ಹೇಳಿದವರಿದ್ದಾರೆ.

ಹೋದ ವರ್ಷ ಹಬ್ಬಕ್ಕೆ ಹೋದಾಗ, ಪೂಜೆ ಮುಗಿದ ಮೇಲೆ, ಪಕ್ಕದ ಮನೆಯ ಕಾಕಾನ ಜೊತೆ ಕಟ್ಟೆಯ ಮೇಲೆ ಕೂತಿದ್ದೆ. ಕಾಕಾನದು ನಾಲ್ಕು ಮಗ್ಗ. ಅವತ್ತು ನಾಲ್ಕಕ್ಕೂ ಕುಂಕುಮ, ಚೆಂಡುಹೂವು. ಓಣಿ ಅಷ್ಟು ನಿಶ್ಶಬ್ದವಾಗಿದ್ದರಿಂದಲೋ ಏನೋ, ಎಂದೂ ಕೇಳದ ಪ್ರಶ್ನೆ ಕೇಳಿದ.

“ನೀ ಅಲ್ಲಿ ಏನ್ ಕೆಲಸಾ ಮಾಡ್ತಿ, ತಮ್ಮಾ? ಕಂಪ್ಯೂಟರ್ ಅಂತ ಗೊತ್ತೈತಿ. ಕಂಪ್ಯೂಟರ್‌ದಾಗ ಏನು?”

‘ಬಿಸಿನೆಸ್ ಅನಾಲಿಸ್ಟ್’ ಅಂದರೆ ಪ್ರಯೋಜನವಿಲ್ಲ. “ಕಂಪನಿ ಮಂದಿಗೆ ಏನ್ ಬೇಕು ಅನ್ನೂದನ್ನ ಕೇಳಿ ಬರಕೊಂಡು, ಸಾಫ್ಟ್‌ವೇರ್ ಮಾಡಾವ್ರಿಗೆ ತಿಳಿಯೂ ಹಂಗ ಹೇಳೂದು, ಕಾಕಾ.”

“ಅಂದ್ರ ಅವರ ಮಾತು ನೀ ಬರಿಯಾಂವ.”

“ಹೂಂ.”

“ಬರದಿದ್ದನ್ನ ತಿರಗಿ ಅವರಿಗೆ ಓದಿ ಹೇಳ್ತಿಯೇನು?”

“ಸಹಿ ತಗೋತೀವಿ.”

“ಯಾರ್ದು?”

“ಅವರ ಮ್ಯಾನೇಜರ್‌ದು.”

ಕಾಕಾ ಮತ್ತೇನೂ ಅನ್ನಲಿಲ್ಲ. ಚುರಮುರಿ ತಾಟು ನನ್ನ ಕಡೆ ಸರಿಸಿದ. ಆದರೆ ಆ ಪ್ರಶ್ನೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನ ತನಕ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಈ ಕಸುಬಿನವರಲ್ಲದವರಿಗೆ ಒಂದು ಮಾತು ಹೇಳಬೇಕು. ನಾವು ಬರೆಯುವ ಬೇಡಿಕೆಗಳಿಗೆ ಒಂದು ಅಚ್ಚು ಇದೆ, ಅದಕ್ಕೆ ‘ಯೂಸರ್ ಸ್ಟೋರಿ’ ಅಂತ ಹೆಸರು. ‘ಇಂಥವನಾಗಿ, ನನಗೆ ಇಂಥದ್ದು ಬೇಕು, ಇಂಥ ಕಾರಣಕ್ಕೆ.’ 2001ರ ಸುಮಾರಿಗೆ ಇಂಗ್ಲೆಂಡಿನ ಕನೆಕ್ಸ್ಟ್ರಾ ಎಂಬ ಕಂಪನಿಯ ತಂಡ ರೂಢಿಗೆ ತಂದ ಅಚ್ಚು ಇದು. ಉದ್ದೇಶ ಒಳ್ಳೆಯದೇ: ‘ಸಿಸ್ಟಂ ಹೀಗೆ ಮಾಡತಕ್ಕದ್ದು’ ಎಂಬ ಒಣ ವಾಕ್ಯದ ಬದಲು, ಅದನ್ನು ಬಳಸುವ ಮನುಷ್ಯ ಕಣ್ಣ ಮುಂದೆ ಬರಲಿ ಅಂತ. ಬಂದ ಹೊಸದರಲ್ಲಿ ನನಗೂ ಅದು ಬಹಳ ಇಷ್ಟವಾಗಿತ್ತು. ಅದರಲ್ಲಿರುವ ‘ನನಗೆ’ ಯಾರು ಅಂತ ನಾನು ಯೋಚಿಸಿರಲಿಲ್ಲ. ಬರೆಯುವವನು ನಾನು, ಬೇಕು ಅನ್ನುವವರು ಇನ್ಯಾರೋ. ಒಬ್ಬರ ಹೆಸರಿನಲ್ಲಿ ‘ನನಗೆ ಬೇಕು’ ಎಂದು ಬರೆಯುವ ಅಧಿಕಾರ ಇನ್ನೊಬ್ಬನಿಗೆ ಎಲ್ಲಿಂದ ಬರುತ್ತದೆ?

ನನ್ನ ಮೊದಲ ದೊಡ್ಡ ಪ್ರಾಜೆಕ್ಟು ಒಂದು ಸರಕು ಸಾಗಣೆ ಕಂಪನಿಯದು. ಲಾರಿ ಬಿಲ್ಲುಗಳನ್ನು ಡೆಲಿವರಿ ರಸೀದಿಗಳ ಜೊತೆ ತಾಳೆ ನೋಡಿ ಹಣ ಪಾಸು ಮಾಡುವ ಕೆಲಸವನ್ನು ಸಿಸ್ಟಂಗೆ ತರಬೇಕಿತ್ತು. ಆ ಕೆಲಸವನ್ನು ಅಲ್ಲಿ ಮೂವರು ಮಾಡುತ್ತಿದ್ದರು. ಹಿರಿಯರು ಒಬ್ಬ ಮೇಡಂ, ಹತ್ತೊಂಬತ್ತು ವರ್ಷದ ಸರ್ವಿಸ್. ಕೋರ್ಸಿನಲ್ಲಿ ನಾನು ಕಲಿತದ್ದು ಒಂದು ಶಬ್ದ, ‘ಎಲಿಸಿಟೇಶನ್’. ಬೇಡಿಕೆಗಳು ಮರದ ಕೆಳಗೆ ಬಿದ್ದ ಹಣ್ಣಲ್ಲ, ಆರಿಸಿಕೊಂಡು ಬರುವುದಕ್ಕೆ. ಬಾವಿಯಿಂದ ನೀರು ಸೇದಿದ ಹಾಗೆ ಸೇದಬೇಕು ಅಂತ ಅದರ ಅರ್ಥ. ಸೇದುವುದು ಹೇಗೆ ಅಂತ ಕಲಿಸಿದ್ದು ಮಾತ್ರ ಆ ಮೇಡಂ. ‘ನಿಮ್ಮ ಪ್ರಾಸೆಸ್ ಹೇಳಿ’ ಅಂತ ನಾನು ಕೇಳಿದಾಗ ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ಮರುದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಆಗ ಡ್ರಾಯರಿನಿಂದ ಒಂದು ಉದ್ದ ಬೌಂಡ್ ಪುಸ್ತಕ ಹೊರಬಂತು.

ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದ ಸಾಲುಗಳಿದ್ದವು. ಗೋದಾಮಿಗೆ ಬಂದ ಲಾರಿಯನ್ನು ಕೆಲವು ಕಡೆ ಒಂದು ದಿನ, ಎರಡು ದಿನ ಗೇಟಿನ ಹೊರಗೇ ಕಾಯಿಸುತ್ತಾರೆ. ಹಾಗೆ ಕಾದದ್ದಕ್ಕೆ ಲಾರಿಯವರಿಗೆ ಹಾಲ್ಟಿಂಗ್ ಚಾರ್ಜ್ ಸಿಗಬೇಕು. ಆದರೆ ರಸೀದಿಯ ಮೇಲೆ ಬೀಳುವ ಮೊಹರು ಸರಕು ಇಳಿಸಿದ ಹೊತ್ತಿನದು, ಬಂದ ಹೊತ್ತಿನದಲ್ಲ. ಕಾಗದದ ಪ್ರಕಾರ ಲಾರಿ ಕಾದೇ ಇಲ್ಲ. ಮೇಡಂ ಇಂಥ ಬಿಲ್ಲು ಬಂದಾಗೆಲ್ಲ ಆ ಗೇಟಿನ ಸೆಕ್ಯೂರಿಟಿಗೆ ಫೋನ್ ಮಾಡಿ, ಬಂದ ಹೊತ್ತು ಕೇಳಿ, ಕೆಂಪು ಶಾಯಿಯಲ್ಲಿ ಬರೆದು, ಬಿಲ್ಲು ಪಾಸು ಮಾಡುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. “ಗೇಟಲ್ಲೇ ಬಂದ ಟೈಮ್ ಬರೆದ್ರೆ ಸಾಕು ಸರ್, ನಾನು ಫೋನ್ ಮಾಡೋದು ತಪ್ಪುತ್ತೆ” ಅಂದರು. ಮೂರು ದಿನದಲ್ಲಿ ಅವರ ಬಾಯಿಂದ ಬಂದ ‘ಬೇಕು’ ಇದೊಂದೇ.

ನಾನು ಬರೆದದ್ದು ಬೇರೆ. ‘ಲೆಕ್ಕಪತ್ರ ಸಿಬ್ಬಂದಿಯಾಗಿ, ಬಿಲ್ಲಿನ ವ್ಯತ್ಯಾಸಗಳು ತಾವಾಗಿಯೇ ಪತ್ತೆಯಾಗಬೇಕು, ಏಕೆಂದರೆ ನನ್ನ ಕೈಕೆಲಸ ಕಡಿಮೆಯಾಗಬೇಕು.’ ಗೇಟಿನ ವಿಷಯ ‘ಈ ಹಂತದ ಸ್ಕೋಪಿನಲ್ಲಿಲ್ಲ’ ಎಂಬ ಪಟ್ಟಿಗೆ ಹೋಯಿತು.

ಕೊನೆಯ ದಿನ ಮೇಡಂ ಕೇಳಿದರು: “ಇದು ಬಂದ್ಮೇಲೆ ನಮ್ಮ ಕೆಲಸ ಏನಾಗುತ್ತೆ ಸರ್?” ನನ್ನ ಲ್ಯಾಪ್‌ಟಾಪಿನಲ್ಲಿ ಆಗಲೇ ಹತ್ತು ದಿನದಿಂದ ಒಂದು ಎಕ್ಸೆಲ್ ಶೀಟಿತ್ತು. ಅದರ ‘ಉಳಿತಾಯ’ ಕಾಲಮಿನಲ್ಲಿ ಮೂರು ಇದ್ದದ್ದು ಒಂದಾಗಿತ್ತು. ನಾನು ಹೇಳಿದೆ: “ಹಗುರ ಆಗುತ್ತೆ ಮೇಡಂ.”

ಸಿಸ್ಟಂ ಸರಿಯಾಗಿ ನಡೆಯಿತು. ಮೇಡಂ ಅವರನ್ನು ದೂರದ ಇನ್ನೊಂದು ಬ್ರಾಂಚಿಗೆ ಹಾಕಿದರು, ನಾಲ್ಕು ತಿಂಗಳಿಗೆ ಅವರು ಕೆಲಸ ಬಿಟ್ಟರು. ಹಾಲ್ಟಿಂಗ್ ಇದ್ದ ಬಿಲ್ಲುಗಳನ್ನು ಸಿಸ್ಟಂ ಒಂದಾದ ಮೇಲೊಂದು ತಿರಸ್ಕರಿಸಿತು. ಲಾರಿಯವರು ಗಲಾಟೆ ಮಾಡಿದರು. ಆಗ ಗೇಟಿನಲ್ಲಿ ಬಂದ ಹೊತ್ತನ್ನು ದಾಖಲಿಸುವ ಸೌಲಭ್ಯವನ್ನು ‘ಚೇಂಜ್ ರಿಕ್ವೆಸ್ಟ್’ ಎಂದು ಸೇರಿಸಿ ನಾವು ಬೇರೆ ಬಿಲ್ ಹಾಕಿದೆವು. ಮೇಡಂ ಪುಕ್ಕಟೆ ಹೇಳಿದ್ದ ಒಂದು ವಾಕ್ಯಕ್ಕೆ.

ಕಾಯುತ್ತಿದ್ದ ಡ್ರೈವರುಗಳು ನನ್ನ ಸ್ಟೇಕ್‌ಹೋಲ್ಡರ್ ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಏನಾಗುತ್ತದೆ ಅಂತ ನನಗೆ ನನ್ನ ಓಣಿಯಿಂದಲೇ ಗೊತ್ತಿರಬೇಕಿತ್ತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿಗೆ, ರಾಜ್ಯ ಸರ್ಕಾರ ನೇಕಾರರಿಗೆ ತಲಾ 2,000 ರೂಪಾಯಿ ಘೋಷಿಸಿತು. ಮೊದಲ ಘೋಷಣೆಯಲ್ಲಿ ‘ನೇಕಾರ’ ಅಂದರೆ ಕೈಮಗ್ಗದವನು. ವಿದ್ಯುತ್ ಮಗ್ಗದ ಕಾರ್ಮಿಕರನ್ನು ಆಮೇಲೆ ಸೇರಿಸಿದರು. ಖಾಸಬಾಗದಂಥ ಕಡೆ, ಮನೆಯೊಳಗೇ ಮಗ್ಗ ಇಟ್ಟುಕೊಂಡವರಲ್ಲಿ, ಗಂಡಸು ಮಗ್ಗದ ಮುಂದೆ ನಿಂತರೆ ಹೆಂಗಸು ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಲಾಳಿಯೊಳಗಿನ ಕಂಡಿಕೆ ಖಾಲಿಯಾದರೆ ಮಗ್ಗ ನಿಂತಿತು. ಆದರೂ ಅರ್ಜಿಯಲ್ಲಿ ‘ನೇಕಾರನ ಹೆಸರು’ ಎಂಬ ಜಾಗ ಒಂದೇ ಆದರೆ ಅಲ್ಲಿ ಯಾರ ಹೆಸರು ಬೀಳುತ್ತದೆ ಅಂತ ಕೇಳಬೇಕಾಗಿಲ್ಲ. ಶಬ್ದದ ಅರ್ಥ ಎಲ್ಲಿಗೆ ನಿಲ್ಲುತ್ತದೋ ದುಡ್ಡೂ ಅಲ್ಲಿಗೇ ನಿಲ್ಲುತ್ತದೆ.

ನನ್ನ ಪರವಾಗಿಯೂ ವಾದವಿದೆ, ಅದನ್ನು ನಾನೇ ಎಷ್ಟೋ ಸಲ ಮಾಡಿಕೊಂಡಿದ್ದೇನೆ. ನಾನಲ್ಲದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ತೀರ್ಮಾನ ಮ್ಯಾನೇಜ್‌ಮೆಂಟಿನದು. ಬದಲಾವಣೆಯನ್ನು ತಡೆಯಲಾಗದು. ಈ ಕೊನೆಯದನ್ನು ನಾನು ಅಲ್ಲಗಳೆಯಲಾರೆ. ಪವರ್‌ಲೂಮ್ ಬಂದು ಕೈಮಗ್ಗ ಮೂಲೆ ಸೇರಿದ ಮೇಲೆ ಹುಟ್ಟಿದವನು ನಾನು. ನನ್ನ ಇಂಜಿನಿಯರಿಂಗ್ ಫೀ ಆ ಖಟಖಟದಿಂದಲೇ ಬಂದದ್ದು.

ನಮ್ಮ ಕಸುಬಿನ ಒಂದು ಮುಖ್ಯ ಪಾಠವೂ ಮಗ್ಗದಿಂದಲೇ ಬಂದಿದೆ. ಒಂದು ತೊಂದರೆ ಕಂಡರೆ ‘ಯಾಕೆ’ ಅಂತ ಐದು ಸಲ ಕೇಳು ಎನ್ನುವ ಟೊಯೋಟಾದ ಪದ್ಧತಿಯ ಮೂಲ ಸಕಿಚಿ ಟೊಯೋಡಾ ಎನ್ನುತ್ತಾರೆ. ಆತ ಕಾರು ಮಾಡಿದವನಲ್ಲ, ಮಗ್ಗ ಮಾಡಿದವನು. ಬಡಗಿಯ ಮಗ. 1891ರಲ್ಲಿ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಪಡೆದ. 1924ರಲ್ಲಿ ಪೂರ್ಣಗೊಂಡ ಆತನ ‘ಜಿ’ ಮಾದರಿಯ ಮಗ್ಗ, ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು, ಕಂಡಿಕೆ ಮುಗಿಯುವಾಗ ತಾನೇ ಲಾಳಿ ಬದಲಿಸುತ್ತಿತ್ತು. ನೇಯುವವರ ಪಕ್ಕದಲ್ಲಿ ನಿಂತು ನೋಡದವನಿಗೆ ಇಂಥ ಯಂತ್ರ ಹೊಳೆಯುವುದಿಲ್ಲ. ಎಳೆಯ ಮೇಲೇ ಕಣ್ಣು ನೆಟ್ಟು ನಿಲ್ಲುವ ಕಷ್ಟ ಅದರಿಂದ ತಪ್ಪಿತು. ಅದೇ ಯಂತ್ರದಿಂದ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳುವಂತೆಯೂ ಆಯಿತು. ಎರಡೂ ನಿಜ. ನಾವು ಮೊದಲನೆಯದನ್ನು ದೊಡ್ಡದಾಗಿ ಬರೆದು ಎರಡನೆಯದನ್ನು ಎಕ್ಸೆಲ್‌ನಲ್ಲಿ ಇಡುತ್ತೇವೆ.

ಹಾಗಾಗಿ ಬದಲಾವಣೆ ಬರಬೇಕೋ ಬೇಡವೋ ಎಂಬುದು ನನ್ನ ಪ್ರಶ್ನೆಯಲ್ಲ. ಆ ‘ಬೇಕು’ ಯಾರದು ಎಂಬುದು ಪ್ರಶ್ನೆ. ಮ್ಯಾನೇಜರಿಗೆ ಇಬ್ಬರ ಸಂಬಳ ಉಳಿಸಬೇಕಾಗಿತ್ತು. ಅದು ಅವರ ಹಕ್ಕೂ ಇರಬಹುದು, ಕಂಪನಿ ಉಳಿಯಲು ಅನಿವಾರ್ಯವೂ ಇರಬಹುದು. ಹಾಗಿದ್ದರೆ ಕಥೆಯನ್ನು ಹೀಗೆ ಬರೆಯಬೇಕಿತ್ತು: ‘ಮ್ಯಾನೇಜರನಾಗಿ, ಮೂವರ ಕೆಲಸ ಒಬ್ಬರಿಂದ ಆಗಬೇಕು, ಏಕೆಂದರೆ ನಾನು ಖರ್ಚು ಉಳಿಸಬೇಕು.’ ಅಚ್ಚಿಗೆ ಸರಿಯಾಗಿ ಕೂರುವ ವಾಕ್ಯ. ಆದರೆ ಇಷ್ಟು ವರ್ಷದಲ್ಲಿ ಯಾವ ಪ್ರಾಜೆಕ್ಟಿನಲ್ಲೂ ಇಂಥ ಒಂದು ಸಾಲು ನಾನು ಕಂಡಿಲ್ಲ. ಬದಲಿಗೆ, ಕೆಲಸ ಕಳೆದುಕೊಳ್ಳುವವರ ಬಾಯಲ್ಲೇ ಅದನ್ನು ಹೇಳಿಸುತ್ತೇವೆ, ಅವರೇ ಕೇಳಿಕೊಂಡ ಹಾಗೆ. ಕೆಲಸ ಹೋದದ್ದಕ್ಕಿಂತ ಇದು ದೊಡ್ಡ ಅನ್ಯಾಯ ಅಂತ ನಾನು ಹೇಳಲಾರೆ, ಸಂಬಳ ನಿಂತವರ ಮನೆಯಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಅನ್ಯಾಯದಲ್ಲಿ ನನ್ನ ಪಾಲು ಇದೇ. ಉಳಿದದ್ದಕ್ಕೆ ಮ್ಯಾನೇಜರ್ ಜವಾಬು ಕೊಡಲಿ, ಈ ಸಾಲಿಗೆ ನಾನೇ ಕೊಡಬೇಕು.

ಹಬ್ಬದಿಂದ ಬಂದ ಮೇಲೆ ನಾನು ಮಾಡುತ್ತಿರುವುದು ದೊಡ್ಡದೇನಲ್ಲ. ಯಾರ ಹೆಸರಿನಲ್ಲಿ ಸ್ಟೋರಿ ಬರೆಯುತ್ತೇನೋ ಅವರ ಮುಂದೆ ಕೂತು, ಕನ್ನಡವಾದರೆ ಕನ್ನಡದಲ್ಲಿ, ತಮಿಳಾದರೆ ಗೊತ್ತಿದ್ದವರ ಸಹಾಯದಿಂದ, ಓದಿ ಹೇಳುತ್ತೇನೆ. ಆಮೇಲೆಯೇ ಮೇಲಕ್ಕೆ ಕಳಿಸುವುದು. ‘ನಾನು ಇದನ್ನ ಹೇಳಿಲ್ಲ’ ಅಂದರೆ ಅವರ ಹೆಸರು ತೆಗೆದು, ಹೇಳಿದವರ ಹೆಸರು ಹಾಕುತ್ತೇನೆ. ಇದಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಒಮ್ಮೆ ಅದಕ್ಕಾಗಿ ಬೈಸಿಕೊಂಡಿದ್ದೇನೆ. ‘ನಮ್ಮ ಕೆಲಸ ಏನಾಗುತ್ತೆ’ ಎಂಬ ಪ್ರಶ್ನೆ ಬಂದರೆ ನನ್ನ ಬಳಿ ಈಗಲೂ ಪೂರ್ತಿ ಉತ್ತರವಿಲ್ಲ. ಕಂಪನಿಯ ಗುಟ್ಟು ಕಾಯುತ್ತೇನೆಂದು ಸಹಿ ಹಾಕಿರುತ್ತೇನೆ. “ಅದನ್ನ ನಾನು ಹೇಳೋ ಹಾಗಿಲ್ಲ, ನೀವು ನಿಮ್ಮ ಮ್ಯಾನೇಜರನ್ನ ಈ ವಾರವೇ ಕೇಳಿ” ಅನ್ನುತ್ತೇನೆ. ಕೇಳಿದವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಇದು ಗುಟ್ಟು ಕಾಯುವುದೋ, ಮುರಿಯುವುದೋ? ನನಗೆ ಇನ್ನೂ ಬಗೆಹರಿದಿಲ್ಲ. ‘ಹಗುರ ಆಗುತ್ತೆ’ ಅಂತ ಮಾತ್ರ ಹೇಳುವುದಿಲ್ಲ.

ಇನ್ನೊಂದು ಕೆಲಸ ಬಾಕಿ ಇತ್ತು. ಆ ಮೇಡಂ ನಂಬರ್ ನನ್ನ ಫೋನಿನಲ್ಲಿತ್ತು. ದೀಪಾವಳಿಯ ಮುಂಚೆ ಒಂದು ಭಾನುವಾರ ಫೋನ್ ಮಾಡಿ, ಹಳೆಯ ಫೈಲು ತೆರೆದು, ಅವರ ಹೆಸರಿನಲ್ಲಿ ನಾನು ಬರೆದಿದ್ದ ವಾಕ್ಯ ಓದಿದೆ. ಎಕ್ಸೆಲ್ ಶೀಟಿನ ವಿಷಯವನ್ನೂ ಹೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇದನ್ನ ನಾನು ಹೇಳೇ ಇಲ್ವಲ್ಲ ಸರ್” ಅಂದರು.

“ಇಲ್ಲ ಮೇಡಂ.”

“ಗೇಟಲ್ಲಿ ಟೈಮ್ ಬರೀತಾ ಇದಾರಾ ಈಗ?”

“ಬರೀತಾರೆ.”

“ಹಂಗಾದ್ರೆ ಸರಿ” ಅಂದರು. ಕುಕ್ಕರ್ ಕೂಗಿತು, ಆಮೇಲೆ ಮಾತಾಡ್ತೀನಿ ಅಂತ ಇಟ್ಟರು.