ರೂಪವನ್ನು ಬೇಡುವುದು ಅಲ್ಪತನವೆ?

ನವರಾತ್ರಿಯಲ್ಲಿ ಸಪ್ತಶತಿಯ ಪಾರಾಯಣ ಮಾಡುವವರು ಮೂಲಗ್ರಂಥಕ್ಕೆ ತೊಡಗುವ ಮುನ್ನ ಕವಚ, ಅರ್ಗಳಾ, ಕೀಲಕಗಳೆಂಬ ಮೂರು ಅಂಗಗಳನ್ನು ಪಠಿಸುವುದು ಸಂಪ್ರದಾಯ. ಅರ್ಗಳಾಸ್ತೋತ್ರದ ಪಲ್ಲವಿಯು ಶ್ಲೋಕಶ್ಲೋಕಕ್ಕೂ ಮರಳಿ ಬರುತ್ತದೆ. ಅದರಲ್ಲಿ ಭಕ್ತನು ದೇವಿಯ ಮುಂದಿಡುವ ಮೊದಲನೆಯ ಬೇಡಿಕೆ ರೂಪ. ಜಯ, ಯಶಸ್ಸು, ಶತ್ರುನಾಶಗಳೆಲ್ಲ ಅದರ ಹಿಂದೆ ಬರುತ್ತವೆ. ಇಲ್ಲಿ ರೂಪವೆಂದರೆ ಮುಖದ ಚೆಲುವಲ್ಲ, ಆತ್ಮಸ್ವರೂಪದ ಅರಿವು ಎಂದು ಅರ್ಥ ಹೇಳುವ ವ್ಯಾಖ್ಯಾನಕಾರರುಂಟು. ಆ ಅರ್ಥವು ಉದಾತ್ತವೇ ಸರಿ. ಆದರೆ ಕವಚವನ್ನು ಓದಿದವರು ಇನ್ನೊಂದನ್ನೂ ಬಲ್ಲರು. ಅಲ್ಲಿ ಶಿಖೆಯಿಂದ ಪಾದದವರೆಗೆ ಒಂದೊಂದು ಅಂಗವನ್ನೂ ದೇವಿಯ ಒಂದೊಂದು ನಾಮಕ್ಕೆ ಒಪ್ಪಿಸಲಾಗಿದೆ. ರೋಮಕೂಪಗಳನ್ನು ಕೌಬೇರಿಯೂ ಚರ್ಮವನ್ನು ವಾಗೀಶ್ವರಿಯೂ ಕಾಯಲೆಂದು ಬೇಡಲಾಗಿದೆ. ಕೂದಲಿನ ಬುಡದ ರಂಧ್ರವನ್ನೂ ಪ್ರಾರ್ಥನೆಗೆ ಯೋಗ್ಯವೆಂದು ಬಗೆದ ಪರಂಪರೆಯು ಚರ್ಮಕೇಶಗಳ ಚಿಂತೆಯನ್ನು ಕೀಳೆಂದು ತಳ್ಳಿರಲಾರದು.

ಆದರೂ ನಮ್ಮ ಮನೆಗಳಲ್ಲಿ ಅದನ್ನು ತಳ್ಳುವುದುಂಟು. ಬಹುಕಾಲದ ಬೇನೆಯಿಂದ ನರಳುತ್ತಿರುವವರು ತಮ್ಮ ಉದುರಿದ ಕೂದಲಿಗಾಗಿ, ಕಲೆಗಟ್ಟಿದ ಕೆನ್ನೆಗಾಗಿ ಕಣ್ಣೀರಿಟ್ಟರೆ, “ಜೀವ ಉಳಿಯಿತಲ್ಲ, ಕೂದಲಿಗೇಕೆ ಅಳುವುದು?” ಎಂದು ಹಿರಿಯರು ಸಂತೈಸುತ್ತಾರೆ. ಸಂತೈಸುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ಆ ಮಾತು ಒಂದು ತೀರ್ಪನ್ನು ಒಳಗೊಂಡಿದೆ: ಬೇನೆಯು ದೊಡ್ಡದು, ರೂಪವು ಸಣ್ಣದು, ದೊಡ್ಡದಕ್ಕೆ ಅಳಬಹುದು, ಸಣ್ಣದಕ್ಕೆ ಅಳುವುದು ಅಲ್ಪತನ. ಈ ತೀರ್ಪು ನ್ಯಾಯವಾದುದೇ?

ಒಂದು ವ್ಯಾಧಿಯನ್ನು ಮುಂದಿಟ್ಟುಕೊಂಡು ವಿಚಾರಿಸಿದರೆ ವಿಷಯವು ಸ್ಪಷ್ಟವಾದೀತು. ಲೂಪಸ್ ಎಂಬುದು ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ಶರೀರದ ಮೇಲೆ ತಿರುಗಿ ಬೀಳುವ ರೋಗ. ಲ್ಯಾಟಿನ್ ಭಾಷೆಯಲ್ಲಿ ಆ ಶಬ್ದಕ್ಕೆ ತೋಳವೆಂದು ಅರ್ಥ. ಮುಖದ ಹುಣ್ಣುಗಳು ತೋಳ ಕಚ್ಚಿದಂತೆ ಕಾಣುತ್ತಿದ್ದುದರಿಂದ ಹಿಂದಿನ ವೈದ್ಯರು ಈ ಹೆಸರನ್ನಿಟ್ಟರೆಂದು ಹೇಳುತ್ತಾರೆ. ಇದಕ್ಕೆ ಗುರಿಯಾಗುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿ ಬಹುತೇಕರು 15ರಿಂದ 45 ವರ್ಷದೊಳಗಿನವರು. ಕೀಲುಗಳಲ್ಲಿ ನೋವು, ಆಗಾಗ ಜ್ವರ, ತೀರದ ದಣಿವು, ಕೆಲವರಲ್ಲಿ ಮೂತ್ರಪಿಂಡಗಳಿಗೆ ಘಾತ. ಇವುಗಳೊಡನೆ ಮೂಗಿನ ಎರಡು ಪಕ್ಕದಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಹರಡುವ ಕೆಂಪು. ಬಿಸಿಲು ತಾಗಿದರೆ ಅದು ಉಲ್ಬಣಿಸುತ್ತದೆ. ತಲೆಯ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತದೆ. ರೋಗವು ಹತೋಟಿಗೆ ಬಂದ ಮೇಲೆ ಹಲವರಲ್ಲಿ ಅದು ಮತ್ತೆ ಹುಟ್ಟುವುದುಂಟು. ಚರ್ಮದಲ್ಲಿ ಗಾಯದ ಗುರುತು ಉಳಿದ ಜಾಗದಲ್ಲಿ ಮಾತ್ರ ಹುಟ್ಟುವುದಿಲ್ಲ. ಹುಟ್ಟಿದರೂ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯದಾದ್ದರಿಂದ, ಹಳೆಯ ಜಡೆಯ ಉದ್ದವನ್ನು ಕಾಣಲು ವರ್ಷಗಳೇ ಬೇಕು. ಕಠಿನವಾದ ಯಾವುದೇ ಜ್ವರ ಬಿಟ್ಟು ಎರಡು ಮೂರು ತಿಂಗಳಾದ ಮೇಲೆ ಕೂದಲು ಉದುರತೊಡಗುವುದೂ ಒಂದು ವಿಚಿತ್ರ. ಮೈ ನೆಟ್ಟಗಾಯಿತೆಂದು ನಿಟ್ಟುಸಿರುಬಿಡುವ ವೇಳೆಗೆ ಕನ್ನಡಿಯು ಬೇರೆ ಮಾತನ್ನು ಹೇಳುತ್ತದೆ.

ಇನ್ನು ಔಷಧ. ಪ್ರೆಡ್ನಿಸಲೋನ್ ಮೊದಲಾದ ಸ್ಟಿರಾಯ್ಡ್ ಮಾತ್ರೆಗಳು ಈ ರೋಗದಲ್ಲಿ ಅನೇಕರ ಪ್ರಾಣವನ್ನು ಕಾದಿವೆ. ಅವೇ ಮಾತ್ರೆಗಳು ಮುಖವನ್ನು ಪೂರ್ಣಚಂದ್ರನಂತೆ ಊದಿಸುತ್ತವೆ, ಮೊಡವೆಗಳನ್ನು ಎಬ್ಬಿಸುತ್ತವೆ, ಬೇಡದ ಕಡೆ ಕೂದಲನ್ನು ಬೆಳೆಸುತ್ತವೆ. ತಲೆಯ ಮೇಲಿನದು ಉದುರಿ ಗಲ್ಲದ ಮೇಲೆ ಮೂಡಿದಾಗ ಹೆಣ್ಣುಮಗಳಿಗೆ ಆಗುವ ಸಂಕಟವನ್ನು ಅಲ್ಪವೆನ್ನುವವರು ಅದನ್ನು ಅನುಭವಿಸದವರೇ ಆಗಿರಬೇಕು. ಈ ಸಂಕಟವನ್ನು ಮನೆಯವರ ಮುಂದೆ ಹೇಳಿಕೊಂಡರೆ ಅಲ್ಪತನದ ಆರೋಪ ಬರುತ್ತದೆ. ಆದ್ದರಿಂದ ಹೇಳಿಕೊಳ್ಳದೆ ಆಕೆ ಗುಟ್ಟಾಗಿ ಮಾತ್ರೆಯನ್ನು ಬಿಡುತ್ತಾಳೆ. ಬಹುದಿನ ಸೇವಿಸಿದ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ. ಅಡಗಿದ್ದ ರೋಗವೂ ಹೆಡೆಯೆತ್ತಬಹುದು. ಇಲ್ಲವೆ, ಮುಖದ ಕಲೆಯನ್ನು ಅಳಿಸುವೆವೆಂದು ಸಾರುವ ಬಿಳುಪಿನ ಲೇಪಗಳಿಗೆ ಕೈಚಾಚುತ್ತಾಳೆ. ಅವುಗಳಲ್ಲಿ ಕೆಲವು ಪಾದರಸ ಬೆರೆತವು, ಮೂತ್ರಪಿಂಡಕ್ಕೆ ಮಾರಕವಾದವು. ಜೀವವೇ ದೊಡ್ಡದೆಂದು ಹೇಳಿ ದುಃಖದ ಬಾಯಿ ಮುಚ್ಚಿಸಿದುದರ ಫಲವಾಗಿ ಆ ಜೀವಕ್ಕೇ ಕುತ್ತು ಒದಗುತ್ತದೆ. ಮುಖದ ಊತವನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ಹೇಳಿದ್ದರೆ, ಅವರು ಪ್ರಮಾಣವನ್ನು ಕ್ರಮವಾಗಿ ಇಳಿಸುವ, ಬೇರೆ ಔಷಧವನ್ನು ಜೊತೆಗೂಡಿಸುವ ದಾರಿಯನ್ನು ನೋಡುತ್ತಿದ್ದರು.

ದೇಹವು ಆತ್ಮದ ಉಡುಪು ಮಾತ್ರವೆಂಬ ಗೀತೆಯ ಉಪದೇಶವನ್ನು ಇಲ್ಲಿ ಎತ್ತುವವರುಂಟು. ಆದರೆ ಜೀರ್ಣವಾದ ವಸ್ತ್ರವನ್ನು ಬಿಸುಟು ಹೊಸತನ್ನು ಉಡುವ ಆ ಉಪಮೆಯು ಮರಣವನ್ನು ಕುರಿತದ್ದು. ರಣರಂಗದಲ್ಲಿ ಬಂಧುಗಳ ಸಾವನ್ನು ನೆನೆದು ಕುಸಿದವನಿಗೆ ಹೇಳಿದ್ದು. ಹರಿದ ವಸ್ತ್ರವನ್ನೇ ಉಟ್ಟು ಮೂವತ್ತು ವರ್ಷ ಜನರ ನಡುವೆ ಓಡಾಡಬೇಕಾದವರ ಪ್ರಶ್ನೆಯೇ ಬೇರೆ. ಅವರಿಗೆ ಆ ಉಪಮೆಯನ್ನು ಒಪ್ಪಿಸುವುದು ಶಾಸ್ತ್ರದ ಮಾತನ್ನು ಸ್ಥಾನತಪ್ಪಿಸಿ ಆಡಿದಂತೆ.

ಕೂದಲಿಗೆ ಇಷ್ಟು ಮಹತ್ತ್ವವೇಕೆಂದು ಕೇಳುವವರು ನಮ್ಮ ಸಮಾಜದ ನೆನಪನ್ನು ಒಮ್ಮೆ ಕೆದಕಿ ನೋಡಬೇಕು. ತಿರುಪತಿಯಲ್ಲಿ ಪ್ರತಿದಿನವೂ ಸಹಸ್ರಾರು ಮಂದಿ ಸಂತೋಷದಿಂದ ಮುಡಿ ಕೊಡುತ್ತಾರೆ. ಬೋಳಾದ ತಲೆಗೆ ಗಂಧವನ್ನು ಬಳಿದುಕೊಂಡು ಮಕ್ಕಳು ನಗುತ್ತಾ ಬರುತ್ತವೆ. ಅಲ್ಲಿ ಯಾರಿಗೂ ನಾಚಿಕೆಯಿಲ್ಲ, ಏಕೆಂದರೆ ಕೊಟ್ಟವರು ತಾವೇ. ಅದೇ ಮುಡಿಯನ್ನು ಕಸಿದುಕೊಂಡ ಚರಿತ್ರೆಯೂ ಉಂಟು. ಗಂಡ ಸತ್ತ ಹೆಣ್ಣಿನ ತಲೆಯನ್ನು ಬೋಳಿಸಿ, ಕೆಂಪು ಸೀರೆಯುಡಿಸಿ, ಶುಭಕಾರ್ಯಗಳಿಂದ ದೂರವಿಟ್ಟ ಕಾಲವು ತೀರ ಹಿಂದಿನದಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪದ್ಧತಿಯು ಅಳಿಯಿತು. ಆದರೆ ಕೂದಲಿಲ್ಲದ ಹೆಣ್ಣಿನ ತಲೆಯನ್ನು ಕಂಡೊಡನೆ ಅಮಂಗಳವೆಂದು ಬೆಚ್ಚುವ ಕಣ್ಣು ಅದರೊಂದಿಗೆ ಅಳಿಯಲಿಲ್ಲ. ಕ್ಯಾನ್ಸರಿಗೆ ಔಷಧ ಪಡೆದು ಕೂದಲು ಕಳೆದುಕೊಂಡ ಮುತ್ತೈದೆಯನ್ನೂ ಆ ಕಣ್ಣೇ ನೋಡುತ್ತದೆ. ಗಂಡಸಿನ ಬೋಳುತಲೆಗೆ ಒಂದು ಹಾಸ್ಯದ ಮಾತು ಸಾಕಾಗುತ್ತದೆ. ಹೆಂಗಸಿನ ಬೋಳುತಲೆಗೆ ತಲೆಮಾರುಗಳ ಭಯವು ಅಂಟಿಕೊಂಡಿದೆ. ಆಕೆ ಅಳುವುದು ಕೇವಲ ಚೆಲುವಿಗಾಗಿ ಎಂದು ತಿಳಿಯುವವರು ಅವಳ ಅರ್ಧ ದುಃಖವನ್ನೂ ತಿಳಿದವರಲ್ಲ.

ಪೂರ್ವಜನ್ಮದ ಪಾಪದ ಮಾತೂ ಇದರೊಡನೆ ಬರುತ್ತದೆ. ಶ್ರೀಕೃಷ್ಣನ ಮಗನಾದ ಸಾಂಬನು ತಂದೆಯ ಶಾಪದಿಂದ ಕುಷ್ಠರೋಗಿಯಾದನೆಂದೂ ಚಂದ್ರಭಾಗಾ ತೀರದಲ್ಲಿ ಸೂರ್ಯನನ್ನು ಆರಾಧಿಸಿ ಗುಣಹೊಂದಿದನೆಂದೂ ಪುರಾಣವು ಹೇಳುತ್ತದೆ. ಕಥೆಯ ಪೂರ್ವಾರ್ಧವಾದ ಶಾಪವನ್ನು ಜನರು ನೆನಪಿಟ್ಟಿದ್ದಾರೆ. ಉತ್ತರಾರ್ಧವಾದ ಪರಿಹಾರವನ್ನು ಮರೆತಿದ್ದಾರೆ. (ಸಾಂಬನನ್ನು ಗುಣಪಡಿಸಿದ ಸೂರ್ಯನ ಬಿಸಿಲೇ ಲೂಪಸ್ ರೋಗಿಗೆ ವರ್ಜ್ಯವೆಂಬುದು ಬೇರೆ ಮಾತು. ಪುರಾಣವನ್ನು ಚಿಕಿತ್ಸಾಗ್ರಂಥದಂತೆ ಓದಬಾರದೆಂಬುದಕ್ಕೆ ಇದೊಂದು ನಿದರ್ಶನ.) ಚರ್ಮದ ಮೇಲಿನ ಭಯವು ಶಾಸನಗಳಲ್ಲಿಯೂ ನುಗ್ಗಿತ್ತು. ಕುಷ್ಠರೋಗಿಗಳನ್ನು ಬೇರ್ಪಡಿಸಿಡಲು 1898ರಲ್ಲಿ ಮಾಡಿದ ಕಾನೂನು ರದ್ದಾದುದು 2016ರಲ್ಲಿ. ಕುಷ್ಠವನ್ನು ವಿವಾಹವಿಚ್ಛೇದನದ ಕಾರಣಗಳಿಂದ ತೆಗೆದುಹಾಕಿದ್ದು 2019ರಲ್ಲಿ. 1980ರ ದಶಕದಿಂದಲೇ ಬಹುಔಷಧ ಚಿಕಿತ್ಸೆಯಿಂದ ಸಂಪೂರ್ಣ ಗುಣವಾಗುತ್ತಿದ್ದ ರೋಗಕ್ಕೆ ಈ ಗತಿಯಾದರೆ, ಎಂದೂ ಯಾರಿಗೂ ಅಂಟದ ತೊನ್ನು, ಸೋರಿಯಾಸಿಸ್, ಲೂಪಸ್‌ಗಳನ್ನು ಕಂಡು ಪಂಕ್ತಿಯಲ್ಲಿ ಸರಿದು ಕೂರುವವರ ಅಜ್ಞಾನಕ್ಕೆ ಬೆರಗಾಗಬೇಕಿಲ್ಲ. ಆದರೆ ಅದನ್ನು ಧರ್ಮವೆಂದು ಕರೆಯಲಾಗದು.

ಈ ವಿಚಾರದಲ್ಲಿ ನಳನ ಕಥೆಯಷ್ಟು ಬೆಳಕು ನೀಡುವ ಕಥೆ ಇನ್ನೊಂದಿಲ್ಲ. ಕನಕದಾಸರು ಅದನ್ನು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟಿದ್ದಾರೆ. ರಾಜ್ಯವನ್ನೂ ಮಡದಿಯನ್ನೂ ತೊರೆದು ಕಾಡಿನಲ್ಲಿ ಅಲೆಯುತ್ತಿದ್ದ ನಳನು ಕಾಳ್ಗಿಚ್ಚಿನಿಂದ ಕಾರ್ಕೋಟಕನೆಂಬ ನಾಗನನ್ನು ಕಾಪಾಡುತ್ತಾನೆ. ಉಪಕಾರ ಪಡೆದ ನಾಗನು ಅವನನ್ನೇ ಕಚ್ಚುತ್ತಾನೆ; ಚೆಲುವನಾದ ನಳನು ವಿಕಾರರೂಪಿಯಾದ ಬಾಹುಕನಾಗುತ್ತಾನೆ. ಆದರೆ ಆ ವಿಷವು ನಳನನ್ನು ಕಾಡಲಿಲ್ಲ. ಅವನೊಳಗೆ ಹೊಕ್ಕಿದ್ದ ಕಲಿಪುರುಷನನ್ನು ಸುಟ್ಟಿತು. ರೂಪವನ್ನು ಕೆಡಿಸಿದುದೇ ಪ್ರಾಣವನ್ನು ಕಾದಿತು. ಔಷಧದಿಂದ ಮುಖ ಬದಲಾದವರಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ಮುಂದೆ ದಮಯಂತಿಯು ಅವನನ್ನು ಗುರುತಿಸಿದ್ದು ಮುಖದಿಂದಲ್ಲ. ರಥದ ಸಪ್ಪಳವನ್ನು ಕೇಳಿ ಸಂಶಯಪಟ್ಟಳು, ದೂತಿಯನ್ನು ಅಟ್ಟಿ ನಡೆನುಡಿಯನ್ನು ನೋಡಿಸಿದಳು, ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿದಳು.

ಇಲ್ಲಿಗೇ ನಿಲ್ಲಿಸಿ, “ಆದ್ದರಿಂದ ರೂಪವು ಮುಖ್ಯವಲ್ಲ” ಎನ್ನುವುದು ಹರಿಕಥೆಗಳಲ್ಲಿ ವಾಡಿಕೆ. ಕಥೆಯಾದರೋ ಅಲ್ಲಿಗೆ ನಿಲ್ಲುವುದಿಲ್ಲ. ಕಾರ್ಕೋಟಕನು ಕಚ್ಚಿದ ದಿನವೇ ನಳನಿಗೆ ಒಂದು ಜೊತೆ ವಸ್ತ್ರವನ್ನು ಕೊಟ್ಟು, ನಿಜರೂಪವು ಬೇಕೆನಿಸಿದಾಗ ಇದನ್ನು ಧರಿಸೆಂದಿದ್ದನು. ನಳನು ಅದನ್ನು ಅಷ್ಟು ಕಾಲವೂ ಜೋಪಾನವಾಗಿಟ್ಟಿದ್ದನು. ಸಮಯ ಬಂದಾಗ ಧರಿಸಿದನು, ರೂಪವನ್ನು ಮರಳಿ ಪಡೆದನು, ದಮಯಂತಿಯು ಆನಂದಪಟ್ಟಳು. ಬಾಹುಕನಾಗಿಯೇ ಇರಬಹುದಾಗಿತ್ತಲ್ಲ ಎಂದು ಪುರಾಣವು ಅವನನ್ನು ಎಲ್ಲಿಯೂ ಆಕ್ಷೇಪಿಸಿಲ್ಲ. ರೂಪವಿಲ್ಲದ ದಿನಗಳಲ್ಲಿ ಅವನು ಕುದುರೆಗಳನ್ನು ಪಳಗಿಸಿದನು, ಅಡುಗೆ ಮಾಡಿದನು, ಬದುಕಿದನು. ರೂಪವನ್ನು ಬಯಸುವುದನ್ನೂ ಬಿಡಲಿಲ್ಲ. ಎರಡೂ ಒಬ್ಬನಲ್ಲಿಯೇ ಇದ್ದವು. ರೂಪಕ್ಕಾಗಿ ಪ್ರಾಣವನ್ನು ಪಣವಿಡುವುದು ಅವಿವೇಕವೆಂಬುದರಲ್ಲಿ ಸಂದೇಹವಿಲ್ಲ. ಪ್ರಾಣ ಉಳಿದವರು ರೂಪವನ್ನು ಬೇಡಬಾರದೆಂಬುದು ಮಾತ್ರ ಯಾವ ಶಾಸ್ತ್ರದ ಮಾತೂ ಅಲ್ಲ.

ಮಹಾನಗರದಲ್ಲಿ ನೆಲಸಿದ ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷವಾದ ಹೊಣೆ ಇದೆ. ಮುಂಬಯಿಯ ಲೋಕಲ್ ಗಾಡಿಯ ಜನಸಂದಣಿಯಲ್ಲಿ ಯಾರೂ ಯಾರ ಮುಖವನ್ನೂ ಎರಡನೆಯ ಸಲ ನೋಡುವುದಿಲ್ಲ; ನಗರದ ಆ ಔದಾಸೀನ್ಯವೇ ರೋಗಿಗೆ ಒಂದು ಬಗೆಯ ಕರುಣೆ. ಕಷ್ಟವೆಲ್ಲ ಇರುವುದು ತನ್ನವರ ನಡುವೆ. ಸಂಘದ ಸಭಾಂಗಣದಲ್ಲಿ ಹೋದ ವರ್ಷದ ಜಡೆಯನ್ನು ನೆನಪಿಟ್ಟವರಿದ್ದಾರೆ. “ಏನಮ್ಮಾ, ಹೀಗಾಗಿಬಿಟ್ಟಿರಿ?” ಎಂದು ಬಾಗಿಲಲ್ಲಿಯೇ ಕೇಳುವ ಹಿರಿಯರಿದ್ದಾರೆ, ಊರಿನ ಯಾವುದೋ ಎಣ್ಣೆಯನ್ನು ಶಿಫಾರಸು ಮಾಡುವ ಹಿತೈಷಿಗಳಿದ್ದಾರೆ. ಒಂದು ವರ್ಷ ಇದನ್ನು ಸಹಿಸಿದವರು ಮರುವರ್ಷ ದಸರೆಗೆ ಬರುವುದಿಲ್ಲ. ಕೇಳಿದರೆ ಮೈ ಸರಿಯಿಲ್ಲವೆನ್ನುತ್ತಾರೆ. ಅದು ನಿಜವೂ ಹೌದು, ಪೂರ್ಣ ನಿಜವಲ್ಲವೂ ಹೌದು. ನಾಡಿನಿಂದ ದೂರವಿರುವವರಿಗೆ ವರ್ಷಕ್ಕೊಮ್ಮೆ ಕನ್ನಡ ಕೇಳಿಸುವ ಜಾಗವೂ ಹೀಗೆ ಕೈತಪ್ಪುತ್ತದೆ.

ಹೊಣೆಯೆಂದರೆ ಭಾರವಾದದ್ದೇನೂ ಅಲ್ಲ. ಹಗಲಿನ ಮೆರವಣಿಗೆಯಲ್ಲಿ ಬಿಸಿಲು ತಾಗಬಾರದವರಿಗೆ ನೆರಳಿನಲ್ಲಿ ಒಂದು ಕುರ್ಚಿ, ಕುಂಕುಮದ ಬಣ್ಣದಿಂದ ಚರ್ಮ ಉರಿಯುವವರನ್ನು ಹಚ್ಚುವ ಮುನ್ನ ಮೆಲ್ಲನೆ ಕೇಳುವ ಒಂದು ಮಾತು. ಗೊಂಬೆ ನೋಡಲು ಬಂದವರಿಗೆ ಅರಿಸಿನ ಕುಂಕುಮ ಕೊಡುವಾಗ ಗೃಹಿಣಿಯ ಕೈ ತಡೆಯುವುದು ಹೂವಿನ ಬಳಿ. ಮಾಟುಂಗಾದಿಂದ ತರಿಸಿದ ಮಲ್ಲಿಗೆ ಮೊಳ ಮೊಳವಾಗಿ ಹರಿದಿಟ್ಟಿರುತ್ತದೆ. ಮುಡಿಯಿಲ್ಲದವರ ಮುಂದೆ ಬಂದಾಗ ಕೊಡಬೇಕೆ, ಬಿಡಬೇಕೆ? ದಾಟಿ ಮುಂದೆ ಹೋಗುವುದು ಕ್ರೌರ್ಯ. ಕಣ್ಣು ತುಂಬಿಕೊಂಡು ಕೊಡುವುದೂ ಅದಕ್ಕಿಂತ ಬಹಳ ಕಡಿಮೆಯದಲ್ಲ. ಉಳಿದವರಿಗೆ ಕೊಟ್ಟ ಅಳತೆಯ ಹೂವನ್ನೇ, ಎಲೆ ಅಡಿಕೆಯ ಮೇಲಿಟ್ಟು, ಉಳಿದವರಿಗೆ ಕೊಟ್ಟಂತೆಯೇ ಕೊಡಬೇಕು. ಆಕೆ ಅದನ್ನು ಚೌರಿಗೆ ಮುಡಿದುಕೊಳ್ಳಬಹುದು, ಮಗಳ ಜಡೆಗೆ ಮುಡಿಸಬಹುದು, ಮನೆಗೆ ಒಯ್ದು ದೇವಿಗೆ ಏರಿಸಬಹುದು. ಅದನ್ನು ನಿಂತು ನೋಡುವುದು ಬೇಡ. ಪಕ್ಕದಲ್ಲಿ ಕುಳಿತವರಿಗೆ ಇನ್ನೂ ಕುಂಕುಮ ಕೊಟ್ಟಾಗಿಲ್ಲ.